ಮೂರನೆಯ ಸಾಲಿನ ಹಸಿರು ಗೌನು

ಭಾನುವಾರ, ಮಾರ್ಚ್ ೧೫

ಪ್ರೀತಿಯ ಅಕ್ಕನಿಗೆ,

ನಿನ್ನ ಚಿನಕುರುಳಿ ಮಾಡುವ ನಮಸ್ಕಾರಗಳು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ಮತ್ತೆ ಸುಳ್ಳು ಹೇಳಿಬಿಡುತ್ತೇನೆ. ಅದಕ್ಕೇ ಕಾಗದ.

ಮನೆಗೆ ಹೈ ಡೆಫಿನಿಷನ್ ಡಿಸ್ಕ್ ಪ್ಲೇಯರ್ ಬಂದಿದೆ. ಊರಿನವರ ಟಿ.ವಿ.ಗಳನ್ನೆಲ್ಲ ರಿಪೇರಿ ಮಾಡುವ ಇವರ ಮನೆಗೆ ಹೊಸದು ಬರುವುದು ಎಲ್ಲರಿಗಿಂತ ಕೊನೆಗೇ. ತಂದವರೇ ತಂತಿ ಸಿಕ್ಕಿಸಿ, ಮಗಳನ್ನು ಕೂರಿಸಿಕೊಂಡು, ನನ್ನನ್ನೂ ಹೊಲಿಗೆ ಯಂತ್ರದಿಂದ ಎಬ್ಬಿಸಿದರು. "ಬಾರೇ, ಇದರಲ್ಲಿ ಒಂದೊಂದು ಕೂದಲೂ ಎಣಿಸ್ಬೋದು" ಅಂದರು. ಹಾಕಿದ್ದು ನೀನು ಹಾಡಿನಲ್ಲಿ ಕುಣಿದ ಆ ಚಿತ್ರ. ಹಳೆಯ ರೀಲನ್ನು ತೊಳೆದು ಹೊಸ ಡಿಸ್ಕ್ ಮಾಡಿದ್ದಾರಂತೆ. ಕೆಲಸವಿದೆ ಎಂದು ಮತ್ತೆ ಯಂತ್ರದ ಕಡೆ ಹೊರಟೆ, ಇವರು ಬಿಡಲಿಲ್ಲ.

ಯಾಕೆಂದು ಹೇಳುತ್ತೇನೆ, ಸಿಟ್ಟಾಗಬೇಡ. ಆ ಹಾಡಿನಲ್ಲಿ ಮೂರನೆಯ ಸಾಲಿನಲ್ಲಿ ಹಸಿರು ಗೌನು ತೊಟ್ಟು ಕುಣಿಯುವವಳು ನಾನು ಎಂದು ಮದುವೆಯಾದ ವರ್ಷವೇ ಇವರಿಗೆ ಹೇಳಿದ್ದೆ. ಆಗಿನ ವಿಡಿಯೋ ಕ್ಯಾಸೆಟ್ಟಿನಲ್ಲಿ ನೀನೊಂದು ಹಸಿರು ಮಸುಕು ಅಷ್ಟೇ. ಆಮೇಲೆ ಡಿವಿಡಿ ಬಂದಾಗ ಮೂಗು ಸ್ವಲ್ಪ ಕಂಡಿತು. ಮೇಕಪ್ಪಿನವನ ಮೇಲೆ ಹಾಕಿ ತಪ್ಪಿಸಿಕೊಂಡೆ. ನೀನು ಬಂದಾಗಲೆಲ್ಲ ಅದನ್ನು ಬಟ್ಟೆಗಳ ಅಡಿ ಬಚ್ಚಿಡುತ್ತಿದ್ದೆ. ಅಮ್ಮನಿಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ.

ಈ ಸಲ ಎಲ್ಲವೂ ಕಂಡಿತು. ನಿನ್ನ ಹುಬ್ಬಿನ ಮೇಲಿನ ಹೊಲಿಗೆ ಗುರುತು, ತುಟಿಯ ಮೇಲಿನ ಬೆವರು, ಭುಜದ ಹತ್ತಿರ ನಾನೇ ಚುಚ್ಚಿದ ಪಿನ್ನು. ಮಗಳು ಎದ್ದು ಟಿ.ವಿ.ಗೆ ಮುಖ ತಾಗಿಸಿಕೊಂಡು ನಿಂತಳು. "ಅಮ್ಮಾ, ಇದು ನೀನಲ್ಲ. ದೊಡ್ಡಮ್ಮ!" ಅಂದಳು.

ಇವರು ನಗಲಿಲ್ಲ, ಬೈಯಲಿಲ್ಲ. ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದರು, ಮತ್ತೂ ಒಮ್ಮೆ ನೋಡಿದರು. ಕೊನೆಗೆ, "ಅತ್ತಿಗೆ ಎಷ್ಟು ಖುಷಿಯಾಗಿ ಕುಣೀತಿದಾರೆ" ಅಂದರು. ಸುಳ್ಳುಗಾತಿ ಎಂದಿದ್ದರೆ ತಡೆದುಕೊಳ್ಳುತ್ತಿದ್ದೆ ಅಕ್ಕ. ಆ ಮಾತಿಗೆ ಮಾತ್ರ ಮೈಯೆಲ್ಲ ಉರಿಯಿತು. ಇಪ್ಪತ್ತಾರು ವರ್ಷದ ಹಿಂದಿನ ಉರಿ ಹಾಗೇ ಇತ್ತು, ಒಂದಿಷ್ಟೂ ಆರಿರಲಿಲ್ಲ.

ಆ ಗೌನು ನನ್ನದಲ್ಲವೇ? ನನಗೆಂದು ನಾನೇ ಅಳತೆ ಹಿಡಿದು ಹೊಲಿದದ್ದು. ಆಯ್ಕೆಗೆಂದು ಇಬ್ಬರೂ ಸಾಲಿನಲ್ಲಿ ನಿಂತಾಗ ನೃತ್ಯ ನಿರ್ದೇಶಕರು ನಿನ್ನತ್ತ ಬೆರಳು ತೋರಿಸಿ, "ಇವಳು ಬರ್ಲಿ, ಆ ಹಸಿರು ಬಟ್ಟೆ ಇವಳಿಗೆ ಹಾಕಿ" ಅಂದರು. ನೀನು ಬೇಡವೆಂದೆ. ನಾನೇ ಬಿಚ್ಚಿಕೊಟ್ಟೆ, ನಗುನಗುತ್ತಾ.

"ಹಾಗಾದ್ರೆ ನೀನೆಲ್ಲಿದ್ದೆ?" ಎಂದು ಮಗಳು ಕೇಳಿದಳು. ಸ್ಟುಡಿಯೋ ಗೇಟಿನಾಚೆ, ಅಕ್ಕನ ಚಪ್ಪಲಿ ಹಿಡ್ಕೊಂಡು ನಿಂತಿದ್ದೆ ಅಂದೆ. ಇವರು ಎದ್ದುಹೋಗಿ ನನಗೊಂದು ಲೋಟ ನೀರು ತಂದುಕೊಟ್ಟರು.

ಮರುದಿನ ಮಧ್ಯಾಹ್ನ ಯಾರೂ ಇಲ್ಲದಾಗ ನಾನೇ ಡಿಸ್ಕ್ ಹಾಕಿ ನೋಡಿದೆ. ನಿನ್ನ ತಪ್ಪು ಹುಡುಕಲೆಂದೇ ಕೂತೆ, ನಿಜ ಹೇಳುತ್ತೇನೆ. ಹೆಜ್ಜೆ ಒಂದೂ ತಪ್ಪಿಲ್ಲ. ಕೊನೆಯ ಸುತ್ತಿನಲ್ಲಿ ಮಾತ್ರ ಎಲ್ಲರೂ ಕ್ಯಾಮೆರಾ ನೋಡುತ್ತಿರುವಾಗ ನೀನೊಬ್ಬಳು ಬಲಕ್ಕೆ ನೋಡುತ್ತೀಯ. ಬಲಕ್ಕಿದ್ದದ್ದು ಗೇಟು. ನೀನು ನನ್ನನ್ನು ಹುಡುಕುತ್ತಿದ್ದೆ. ಇಷ್ಟು ವರ್ಷ ಆ ಮಸುಕಿನಲ್ಲಿ ನಿನಗೆ ಕಣ್ಣುಗಳಿದ್ದವೆಂದೇ ನನಗೆ ಹೊಳೆದಿರಲಿಲ್ಲ.

ಈಗಲೂ ಹೊಟ್ಟೆಕಿಚ್ಚಿದೆ. ಇಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಒಮ್ಮೆ ಬಾ. ನೀನು ನಿನ್ನನ್ನು ಇಷ್ಟು ಸ್ಪಷ್ಟವಾಗಿ ನೋಡಿಯೇ ಇಲ್ಲ. ಪಕ್ಕದಲ್ಲಿ ನಾನೂ ಕೂರುತ್ತೇನೆ.

ಇಂತಿ,
ಹಳೆಯ ಸುಳ್ಳು ಬಿಟ್ಟ,
ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ಚಿತ್ರ ಮುಗಿದ ಎರಡು ತಿಂಗಳಿಗೆ ನೃತ್ಯ ನಿರ್ದೇಶಕರಿಂದ ನಿನ್ನ ಹೆಸರಿಗೆ ಕಾಗದ ಬಂದಿತ್ತು. ಮುಂದಿನ ಚಿತ್ರಕ್ಕೆ, ಮೊದಲ ಸಾಲಿಗೆ ಕರೆದಿದ್ದರು. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಓದಿ ಒಲೆಗೆ ಹಾಕಿದೆ. ನೀನು ದಿನಾ ಬಾಗಿಲಲ್ಲಿ ನಿಂತು "ನಂಗೇನಾದ್ರೂ ಬಂದಿದ್ಯಾ?" ಎಂದು ಅಂಚೆಯವನನ್ನು ಕೇಳುತ್ತಿದ್ದೆ. ನಾನು ನಿನ್ನ ಪಕ್ಕದಲ್ಲೇ ನಿಂತು ಅವನನ್ನು ಬೈಯುತ್ತಿದ್ದೆ.