ಚಹಾಕ್ಕೆ ಮುಂಚಿನ ಒಂದು ಗಂಟೆ

ಅಟ್‌ಬಾಶಿ
ಅಕ್ಟೋಬರ್ 19

ಪ್ರೀತಿಯ ಕೆಂಜೆಗುಲ್,

ನೀನು, ನಿನ್ನ ಗಂಡ, ಮಕ್ಕಳು ಎಲ್ಲ ಹೇಗಿದ್ದೀರಿ? ತಲಾಸಿನಲ್ಲಿ ಬೀನ್ಸ್ ಒಕ್ಕಣೆ ಮುಗಿಯಿತೇ? ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಎದ್ದೆ. ಬೈದುಕೊಂಡಿರುತ್ತೀಯ, ಬೈದುಕೋ. ನನ್ನ ರಕ್ತಪರೀಕ್ಷೆಯ ಫಲಿತಾಂಶ ಕೈಗೆ ಬರದೆ ನಿನಗೆ ಏನು ಹೇಳಿದರೂ ಅದು ಬರೀ ಧೈರ್ಯದ ಮಾತಾಗುತ್ತಿತ್ತು. ನಿನ್ನೆ ಬಂತು.

ನೀನು ಬರೆದದ್ದು ಇದು: "ಅಕ್ಕ, ನನಗೂ ನಿನ್ನದೇ ಥೈರಾಯ್ಡ್ ಕಾಯಿಲೆ ಅಂದ್ರು, ಅದೇ ಮಾತ್ರೆ ಕೊಟ್ರು. ಆದ್ರೆ ಬಿಷ್ಕೆಕ್‌ನಲ್ಲಿ ಆ ಮಾತ್ರೆಯಿಂದ್ಲೇ ನಿನ್ನ ಎದೆ ಹೊಡ್ಕೊಂಡು ಆಸ್ಪತ್ರೆಗೆ ಹೋದೆಯಂತೆ. ನಾನು ನಿಲ್ಲಿಸಿಬಿಟ್ಟೆ. ಡಬ್ಬಿ ಬೀರುವಿನ ಮೇಲಿದೆ. ಎಸೆದುಬಿಡ್ಲಾ?"

ಎಸೆಯಬೇಡ. ಮೊದಲು ಪೂರ್ತಿ ಕೇಳು.

ನಾಲ್ಕು ವರ್ಷ ನಾನು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದೆ. ಆದರೂ ಬೆರಳು ತಣ್ಣಗೆ, ಕೂದಲು ಬಾಚಣಿಗೆಯ ತುಂಬ, ಮಧ್ಯಾಹ್ನವಾದರೆ ಕಣ್ಣಿಗೆ ಮರಳು ಸುರಿದಂತೆ ನಿದ್ದೆ. ಇಲ್ಲಿಯ ಡಾಕ್ಟರು ಪ್ರತಿ ಸಲ ಪ್ರಮಾಣ ಏರಿಸುತ್ತಿದ್ದರು. ಐವತ್ತು ಮೈಕ್ರೋಗ್ರಾಂ ಇದ್ದದ್ದು ಎಪ್ಪತ್ತೈದಾಯಿತು, ನೂರಾಯಿತು, ನೂರ ಇಪ್ಪತ್ತೈದಾಯಿತು. ನನ್ನನ್ನು ನಿಜಕ್ಕೂ ಹೆದರಿಸಿದ್ದು ಬೇರೆ. ಹತ್ತನೇ ತರಗತಿಗೆ ಪದ್ಯ ಹೇಳುತ್ತ ಒಂದು ಸಾಲಿನ ಕೊನೆಗೆ ನಿಂತೆ. ಮುಂದಿನ ಸಾಲು ಇರಲಿಲ್ಲ. ಮಕ್ಕಳು ಅದನ್ನು ಯತಿ ಎಂದುಕೊಂಡು ಭಕ್ತಿಯಿಂದ ಕಾದವು. ಇಪ್ಪತ್ತು ವರ್ಷದಿಂದ ಬಾಯಿಪಾಠವಿದ್ದ ಪದ್ಯ ಅದು. ಕವಿತೆ ಬಿಟ್ಟು ನನ್ನಲ್ಲಿ ಇನ್ನೇನಿದೆ, ನೀನೇ ಹೇಳು.

ಜುಲೈನಲ್ಲಿ ಶಿಕ್ಷಕರ ತರಬೇತಿಗೆಂದು ಐದು ವಾರ ಬಿಷ್ಕೆಕ್‌ಗೆ ಹೋದೆನಲ್ಲ, ಅಲ್ಲಿ ಹಾಸ್ಟೆಲಿನ ಊಟದ ಮನೆ ತೆರೆಯುವುದೇ ಎಂಟಕ್ಕೆ. ನಾನು ಎಂದಿನಂತೆ ಆರಕ್ಕೆ ಎದ್ದು ನಲ್ಲಿ ನೀರಿನಲ್ಲಿ ಮಾತ್ರೆ ನುಂಗುತ್ತಿದ್ದೆ. ನಾಲ್ಕನೇ ವಾರ ಕೈ ನಡುಗತೊಡಗಿತು. ಸುಮ್ಮನೆ ಕೂತಿದ್ದರೂ ಎದೆ ಮೆಟ್ಟಿಲು ಹತ್ತುತ್ತಿತ್ತು. ಜೊತೆಯವರು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿದ್ದ ಡಾಕ್ಟರ್ ಜಿಪಾರ್, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವಳು, ಕಾಗದಗಳನ್ನೆಲ್ಲ ನೋಡಿ ಬದಿಗಿಟ್ಟಳು.

"ಮನೇಲಿ ಮಾತ್ರೆ ಹೇಗೆ ತಗೋತೀರಿ, ಟೀಚರ್?"

"ಖಾಲಿ ಹೊಟ್ಟೇಲೇ. ಬರೀ ಚಹಾ ಜೊತೆ."

"ಎಷ್ಟು ಬಟ್ಟಲು?"

"ಆರೋ ಏಳೋ."

"ಹಾಲು ಹಾಕಿದ್ದಾ?"

"ಹಾಲಿಲ್ಲದ್ದೂ ಒಂದು ಚಹಾನಾ?"

ಅವಳು ಪೆನ್ನು ಕೆಳಗಿಟ್ಟು ನಕ್ಕುಬಿಟ್ಟಳು. "ನಾನೂ ನಿಮ್ಮ ನಾರಿನ್ ಕಡೆಯವಳೇ. ನಮ್ಮಜ್ಜೀನೂ ಹೀಗೇ. ಚಹಾ ಹೊಟ್ಟೆಗೆ ಹೋಗಿದ್ದು ಲೆಕ್ಕಕ್ಕೇ ಇಲ್ಲ ಅಂತಾರೆ!"

ಆಮೇಲೆ ಬಿಡಿಸಿ ಹೇಳಿದಳು. ಹಾಲೂ ಚಹಾವೂ ಮಾತ್ರೆಯನ್ನು ಮೈಗೆ ಸರಿಯಾಗಿ ಹತ್ತಗೊಡುವುದಿಲ್ಲ. ನಾಲ್ಕು ವರ್ಷ ನಾನು ನುಂಗಿದ್ದರಲ್ಲಿ ಒಳಗೆ ದಕ್ಕಿದ್ದು ಎಷ್ಟೋ. ದಕ್ಕಲಿಲ್ಲವೆಂದು ಪ್ರಮಾಣ ಏರಿಸಿದರು. ಹಾಸ್ಟೆಲಿನಲ್ಲಿ ನೀರಿನ ಜೊತೆ ಪೂರ್ತಿ ದಕ್ಕಿದಾಗ ಆ ಏರಿಸಿದ ಪ್ರಮಾಣ ನನಗೆ ಅತಿಯಾಯಿತು. "ಮಾತ್ರೆ ಕೆಟ್ಟದ್ದಲ್ಲ, ಟೀಚರ್. ಅದಕ್ಕೆ ಕೆಲಸ ಮಾಡೋಕೆ ಬಿಟ್ಟಿದ್ದೇ ಈಗ" ಎಂದಳು. ಪ್ರಮಾಣ ಇಳಿಸಿಕೊಟ್ಟು, ನೀರಿನ ಜೊತೆ ನುಂಗಿ ಒಂದು ಗಂಟೆ ಏನೂ ಮುಟ್ಟಬೇಡಿ, ಎರಡು ತಿಂಗಳಿಗೆ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ನೀವಾಗಿ ಏರಿಸುವುದೂ ಬೇಡ ಇಳಿಸುವುದೂ ಬೇಡ ಎಂದಳು.

ಒಂದು ಗಂಟೆ! ನಮ್ಮ ಮನೆಯಲ್ಲಿ! ನನ್ನ ಅತ್ತೆ ಉಲ್ಕಾನ್ ಅಪಾ ನಿನಗೆ ಗೊತ್ತಲ್ಲ. ಎಪ್ಪತ್ತೆಂಟು ವರ್ಷ, ನೆಲದ ಮೇಲೆ ಹಾಸಿದ ಮೇಜುಬಟ್ಟೆಯ ಮುಂದೆ ಕೂತರೆ ರಾಣಿ. ಬಟ್ಟಲಿಗೆ ಅರ್ಧವೇ ಚಹಾ ಬಗ್ಗಿಸಬೇಕು, ಅವರು ಮತ್ತೆ ಮತ್ತೆ ಚಾಚಬೇಕು, ನಾನು ಮತ್ತೆ ಮತ್ತೆ ಬಗ್ಗಿಸುತ್ತ ಜೊತೆಗೇ ಕುಡಿಯಬೇಕು. ಬಟ್ಟಲು ತುಂಬಿಸಿ ಕೊಟ್ಟರೆ 'ಕುಡಿದು ಎದ್ದು ಹೋಗು' ಎಂದ ಹಾಗೆ. ಜೊತೆಗೆ ಕುಡಿಯದಿದ್ದರೆ ಇನ್ನೂ ದೊಡ್ಡ ಅವಮಾನ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಹೇಳಿದೆ. "ಅಪಾ, ಇನ್ನು ಮೇಲೆ ನಿಮಗೆ ಬಗ್ಗಿಸಿ ಕೊಡ್ತೀನಿ. ನಾನು ಒಂದು ಗಂಟೆ ಬಿಟ್ಟು ಕುಡೀತೀನಿ."

"ನನ್ನ ಚಹಾದಲ್ಲಿ ವಿಷ ಇದೆ ಅಂದವಳು ಯಾರು, ಆ ಪಟ್ಟಣದ ಹುಡುಗೀನಾ?"

"ವಿಷ ಅಲ್ಲ ಅಪಾ, ಹಾಲು."

"ನಮ್ಮ ಹಸುವಿನ ಹಾಲಾ?"

ನನ್ನ ಗಂಡ ಎಸೆನ್ ರೊಟ್ಟಿ ಮುರಿಯುತ್ತ, "ಅಮ್ಮ, ಹಸೂನ ಕರೆದು ವಿಚಾರಣೆ ಮಾಡೋಣ್ವಾ?" ಎಂದರು. ಅಪಾ ನಗಲಿಲ್ಲ. ಬಟ್ಟಲನ್ನು ಬೋರಲು ಹಾಕಿದರು. "ಒಬ್ಬಳೇ ಕುಡಿಯೋಕೆ ನಾನೇನು ದಿಕ್ಕಿಲ್ಲದವಳಾ?"

ಒಂಬತ್ತು ದಿನ ಬೆಳಿಗ್ಗೆ ಅವರು ಚಹಾ ಮುಟ್ಟಲಿಲ್ಲ, ಕೆಂಜೆ. ನಾನು ಹೋಗಿ ಕೂರುವುದು, ಅವರು ಬಟ್ಟಲು ಬೋರಲು ಹಾಕುವುದು. ನಾಲ್ಕನೇ ದಿನ ಅವರ ಕೈ ಬಡಕಲಾಗಿ ಕಂಡಿತು. ಅರ್ಧ ಬಟ್ಟಲು ತಾನೇ, ಕುಡಿದು ಮುಗಿಸೋಣ ಎಂದು ಕೆಟಲಿನ ಹಿಡಿಕೆಯವರೆಗೂ ಕೈ ಹೋಗಿತ್ತು. ಆದರೆ ತರಗತಿಯಲ್ಲಿ ನಿಂತುಹೋದ ಆ ಸಾಲು ನೆನಪಾಯಿತು. ಇಪ್ಪತ್ತೆಂಟು ವರ್ಷದ ಸೊಸೆತನದಲ್ಲಿ ನಾನು ಅವರ ಮಾತು ಮೀರಿದ್ದು ಅದೇ ಮೊದಲು. ಕೈ ಹಿಂದಕ್ಕೆ ತೆಗೆದುಕೊಂಡೆ.

ಹತ್ತನೇ ದಿನ ಬೆಳಿಗ್ಗೆ ಮಾತ್ರೆ ನುಂಗಿ ಬಂದರೆ ಅಪಾ ಜಾಗದಲ್ಲಿಲ್ಲ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. ಹಾಲು ಕರೆಯುವುದು ಯಾವತ್ತೂ ಚಹಾ ಆದ ಮೇಲೆ. ಕರೆದು, ಕಾಯಿಸಿ, ಕೆನೆ ತೆಗೆದು, ಕರುವಿಗೆ ನಾಲ್ಕು ಮಾತು ಬೈದು, ಕೈ ತೊಳೆದು ಬಂದು ಕೂತಾಗ ಸರಿಯಾಗಿ ಒಂದು ಗಂಟೆ ಕಳೆದಿತ್ತು.

"ಏನು ನೋಡ್ತೀಯ? ಹಸು ಇವತ್ತು ಬೇಗ ಎದ್ದಿತ್ತು. ಬಗ್ಗಿಸು."

ಅವತ್ತಿನಿಂದ ಇವತ್ತಿನವರೆಗೆ ನಮ್ಮ ಹಸು ಬೇಗನೇ ಏಳುತ್ತಿದೆ.

ಇನ್ನೊಂದು ಹೇಳದಿದ್ದರೆ ನಿನಗೆ ನಗು ತಪ್ಪಿಹೋಗುತ್ತದೆ. ಅಪಾ ಅವರ ನಾದಿನಿ ಬಾತ್ಮಾ ಹೋದ ತಿಂಗಳು ಬಂದಿದ್ದರು. ನನ್ನ ಮುಖದ ಊತ ಇಳಿದದ್ದು ನೋಡಿ, "ಎಂಥಾ ಒಳ್ಳೇ ಮಾತ್ರೆ ಕಣೇ! ನನ್ನ ಮೈಯೂ ದಪ್ಪಗಾಗಿದೆ, ಒಂದು ಹತ್ತು ಕೊಡು" ಎಂದರು. ನೆಂಟರು ಹೊಗಳಿದ್ದನ್ನು ಕೊಡದೆ ಕಳಿಸುವವರು ನಮ್ಮಲ್ಲಿ ಯಾರಿದ್ದಾರೆ? "ಬೇರೆ ಏನು ಬೇಕಾದ್ರೂ ತಗೊಳ್ಳಿ. ಇದು ನನ್ನ ರಕ್ತ ನೋಡಿ ಬರೆದದ್ದು. ನಿಮ್ಮ ರಕ್ತ ಪರೀಕ್ಷೆ ಮಾಡಿಸೋಕೆ ನಾನೇ ಕರ್ಕೊಂಡು ಹೋಗ್ತೀನಿ" ಎಂದೆ. ಬಾತ್ಮಾ ಮುಖ ಕೆಂಪಾಯಿತು. "ನೋಡಿದೆಯಾ ಅತ್ತಿಗೆ, ಓದಿದ ಸೊಸೆ ಗೌರವ ಕೊಡೋದು ಹೀಗೆ!"

ಅಪಾ ತಮ್ಮ ತಲೆಯ ಹೂವಿನ ಚೌಕವನ್ನು ಬಿಚ್ಚಿ ಬಾತ್ಮಾ ಮಡಿಲಿಗೆ ಹಾಕಿದರು. "ತಗೋ. ಇದನ್ನೂ ಹೋದ ಸಲ ಹೊಗಳಿದ್ದೆ. ನಿನ್ನ ಎದೆ ಹೊಡ್ಕೊಂಡು ನಿಂತ್ರೆ ಗೋರಿ ತೋಡೋಕೆ ಗುದ್ದಲಿ ಹಿಡಿಯೋದು ನನ್ನ ಮಗ. ಅವನಿಗೆ ಮೊದಲೇ ಸೊಂಟ ನೋವು."

ನಿನ್ನೆ ಫಲಿತಾಂಶ ಬಂತು. ಡಾಕ್ಟರ್ ಜಿಪಾರ್‌ಗೆ ಫೋನಿನಲ್ಲಿ ಅಂಕಿ ಓದಿ ಹೇಳಿದೆ. "ಸರಿಯಾಗಿದೆ, ಟೀಚರ್. ಎಲ್ಲ ಸರಿಯಾಗಿದೆ. ಇದೇ ಪ್ರಮಾಣ ಮುಂದುವರಿಸಿ" ಎಂದಳು. ಇವತ್ತು ಹತ್ತನೇ ತರಗತಿಗೆ ಹೋಗಿ ಪುಸ್ತಕ ಮುಚ್ಚಿ ಅರವತ್ತೆರಡು ಸಾಲು ಹೇಳಿದೆ. ಯತಿ ಎಲ್ಲಿರಬೇಕೋ ಅಲ್ಲಿ ಮಾತ್ರ ನಿಂತೆ. ಮುಗಿದ ಮೇಲೆ ಕೊನೆಯ ಬೆಂಚಿನಿಂದ ಒಬ್ಬಳು, "ಟೀಚರ್, ಇನ್ನೊಂದ್ಸಲ" ಎಂದಳು. ಇನ್ನೊಂದು ಸಲವೂ ಹೇಳಿದೆ!

ಈಗ ನಿನ್ನ ವಿಷಯ. ನನ್ನ ಪ್ರಮಾಣ ನಿನ್ನದಲ್ಲ, ನನ್ನ ಕಾಗದ ನೋಡಿ ನೀನಾಗಿ ಶುರುಮಾಡಬೇಡ. ಇದೇ ವಾರ ನಿನ್ನ ಡಾಕ್ಟರ ಹತ್ತಿರ ಹೋಗಿ ನಿಲ್ಲಿಸಿದ್ದನ್ನು ಮುಚ್ಚಿಡದೆ ಹೇಳು. ಅವರು ಬೈದರೂ ನಿನ್ನ ಅಕ್ಕನಷ್ಟು ಬೈಯುವುದಿಲ್ಲ. ಚಿಕ್ಕವಳು ಹುಟ್ಟಿದ ಮೇಲೆ ನಿನಗೆ ಕಬ್ಬಿಣದ ಮಾತ್ರೆ ಕೊಟ್ಟಿದ್ದರಲ್ಲ, ಈಗಲೂ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳು. ಎರಡನ್ನೂ ಒಟ್ಟಿಗೆ ನುಂಗುವಂತಿಲ್ಲ, ನಡುವೆ ಹಲವು ಗಂಟೆ ಬೇಕಂತೆ. ಒಂದು ದಿನ ಮರೆತರೆ ಮರುದಿನ ಎರಡು ನುಂಗುವ ಜಾಣತನ ಬೇಡ. ಎದೆ ಹೊಡೆದುಕೊಂಡರೆ ನಿಲ್ಲಿಸಿ ಕೂರಬೇಡ, ತಕ್ಷಣ ಅವರಿಗೆ ತಿಳಿಸು. ಬೆಳಗಿನ ಆ ಒಂದು ಗಂಟೆಯನ್ನು ಯಾರಿಗೂ ಬಿಟ್ಟುಕೊಡಬೇಡ. ನಾನು ಆ ಹೊತ್ತಿನಲ್ಲಿ ಕಿಟಕಿಯ ಬಳಿ ಕೂತು ಒಂದು ಪದ್ಯ ಓದುತ್ತೇನೆ. ಮದುವೆಯಾದ ಮೇಲೆ ಬೆಳಗಿನ ಹೊತ್ತು ನನ್ನದೆಂದು ಸಿಕ್ಕಿದ್ದು ಅದೊಂದೇ.

ನಿನ್ನ ಒಲೆ ಆರದಿರಲಿ, ಮಕ್ಕಳು ನಿನ್ನ ಹೆಗಲೆತ್ತರ ಬೆಳೆಯಲಿ, ನಿನ್ನ ಉಸಿರು ಉದ್ದವಾಗಲಿ.

ನಿನ್ನ ಅಕ್ಕ,
ಅಸಿಲ್

ತಾ.ಕ.: ಡಾಕ್ಟರ್ ಜಿಪಾರ್ ಮೊದಲ ದಿನವೇ ಕೇಳಿದ್ದಳು: "ನಿಮ್ಮ ಮನೇಲಿ ಯಾರಿಗಾದ್ರೂ ಇತ್ತಾ?" ಇಲ್ಲ ಎಂದೆ. ಊರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ನೆನಪಾದಳು. ದಪ್ಪಗಾದ ದನಿ, ಊದಿದ ರೆಪ್ಪೆ, ಜುಲೈನಲ್ಲೂ ಉಣ್ಣೆಯ ಕಾಲುಚೀಲ. ಅವಳ ರಕ್ತವನ್ನು ಯಾರೂ ಯಾವತ್ತೂ ನೋಡಲಿಲ್ಲ; ಅದೇ ಇತ್ತೆಂದು ಈಗ ಯಾರೂ ಹೇಳಲಾರರು. ಅವಳು ಬದುಕಿದ್ದ ಕೊನೆಯ ಹುಲ್ಲು ಕೊಯ್ಲಿನಲ್ಲಿ ಬಣವೆಯ ನೆರಳಿಗೆ ಮಲಗಿಬಿಟ್ಟಳು. ಹದಿನೇಳರ ನಾನು ನೆಂಟರೆಲ್ಲರ ಎದುರು, "ನಮ್ಮಮ್ಮ ಸೋಮಾರಿ. ಸತ್ತರೂ ಎದ್ದು ಗೋರಿಗೆ ನಡೆದುಹೋಗೋಳಲ್ಲ" ಎಂದೆ. ಎಲ್ಲರೂ ನಕ್ಕರು. ಅವಳಿಗೆ ಕೇಳಿಸಿತ್ತು. ಆರು ವರ್ಷದ ನೀನೊಬ್ಬಳೇ ನಗಲಿಲ್ಲ, ಕೆಂಜೆ. "ಅಮ್ಮಂಗೆ ಚಳಿ ಆಗ್ತಿದೆ" ಎಂದು ಅಪ್ಪನ ಕೋಟು ಎಳೆದು ತಂದು ಅವಳಿಗೆ ಹೊದಿಸಿದೆ. ಅಷ್ಟು ಜನರಲ್ಲಿ ಅವಳಿಗೆ ಏನಾಗುತ್ತಿದೆ ಎಂದು ನೋಡಿದವಳು ನೀನೊಬ್ಬಳೇ. ಈ ಸಲ ನಿನ್ನನ್ನೇ ಹಾಗೆ ನೋಡಿಕೋ.