ಅವ್ವ ಒಪ್ಪಂಗಿಲ್ಲ

ಮಾರ್ಚ್ 2, ರವಿವಾರ, ಬೆಳಿಗ್ಗೆ

ನೀರು ಟೆಸ್ಟ್ ಮಾಡಿದೆ. ಉಪ್ಪು ಸರಿ. ಅಮೋನಿಯಾ ಇಲ್ಲ. ಕೋಲ್ಡ್ ಸ್ಟೋರೇಜಿನ ಲ್ಯಾಬಿನಲ್ಲಿ ದಿನವಿಡೀ ಮೆಣಸಿನಕಾಯಿಯ ಬಣ್ಣ ಅಳೆಯುವವಳಿಗೆ ಇದೇನು ಮಹಾ. ಕೈ ಮಾತ್ರ ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದು ಆಮೇಲೆ ಮುಳುಗಿಸಿದೆ. ಬ್ಯಾಡಗಿಯಲ್ಲಿ ಖಾರ ಹತ್ತದ ಕೈ ಎಲ್ಲಿದೆ?

ಮೀನು ಸಾಕುವ ಗಾಜಿನ ಟ್ಯಾಂಕಿನಲ್ಲಿ ಇನ್ನೂ ಬರೀ ಉಪ್ಪುನೀರು, ಕಲ್ಲು, ಉಸುಕು, ಒಂದೆರಡು ತುಣುಕು ಹವಳ. ಅವ್ವ ದಿನಾ ಎದುರು ಕೂತು ಪಂಪಿನ ಸದ್ದು ಕೇಳುತ್ತಾಳೆ. ಎರಡೂ ಕಣ್ಣಿಗೆ ಪೊರೆ ಬಂದಿದೆ. ನೀಲಿ ಬೆಳಕಷ್ಟೇ ಕಾಣುವುದಂತೆ. ಗೋಕರ್ಣಕ್ಕೆ ಹೋಗಿ ಬಂದಾಗಿನಿಂದ ಅವಳಿಗೆ ಸಮುದ್ರದ್ದೇ ಮಾತು. ಅದಕ್ಕೇ ಈ ಖಟಾಟೋಪ.

"ಶ್ರೀದೇವಿ, ನಿನ್ನ ಸಮುದ್ರದಾಗ ಇನ್ನಾ ಯಾರೂ ಇಲ್ಲೇನ?"

"ಬರ್ತಾರ ತಡಿಯವ್ವ."

ಈಗ ರಾಣೆಬೆನ್ನೂರಿಗೆ ಹೊರಟೆ.

ಅದೇ ದಿನ, ಸಂಜೆ

ಸಾಕುಮೀನಿನ ಅಂಗಡಿಯ ಅಬ್ದುಲರಜಾಕ ತಾಸುಗಟ್ಟಲೆ ತಲೆ ತಿಂದರು. ಎರಡು ಫೂಟಿನ ಟ್ಯಾಂಕಿನಲ್ಲಿ ಯಾರ ಜೊತೆ ಯಾರು ಬಾಳುತ್ತಾರೆ ಅನ್ನುವುದೇ ದೊಡ್ಡ ಲೆಕ್ಕ. ನಾನು ಒಂದು ನೀಲಿ ಡ್ಯಾಮ್ಸೆಲ್ ಮೀನಿನ ಮೇಲೆ ಕಣ್ಣಿಟ್ಟಿದ್ದೆ.

"ಅದು ಬ್ಯಾಡ್ರಿ ಮೇಡಂ. ಸಣ್ಣದೈತಿ, ಆದ್ರ ಬಾಳ ಜಗಳಗಂಟಿ. ಹಿಂದಿಂದ ಬಂದಾವನ್ನ ಬಾಳಗೊಡಂಗಿಲ್ಲ."

ಅಗಲವಾದ ಇನ್ನೊಂದು ಮೀನು ಕೇಳಿದೆ. ಈಸಲಿಕ್ಕೆ ಜಾಗ ಸಾಲದಂತೆ. ಕೊನೆಗೆ ಆರಿಸಿದ್ದು ಗೋಬಿ ಅನ್ನುವ ಹಳದಿ ಮೀನು ಒಂದು, ಅದರ ಜೊತೆಗಾರ ಸೀಗಡಿ ಒಂದು. ಕ್ಲೌನ್ ಮೀನಿನ ಜೋಡಿ ಆಮೇಲೆ. ಈ ಸೀಗಡಿಗೆ ಕಣ್ಣು ಅಷ್ಟಕ್ಕಷ್ಟೇ. ಬಿಲ ತೋಡುವುದು ಅದು; ಬಾಗಿಲಲ್ಲಿ ನಿಂತು ಕಾಯುವುದು ಗೋಬಿ. ಹೊರಗೆ ಬಂದಾಗೆಲ್ಲ ಸೀಗಡಿ ತನ್ನ ಮೀಸೆಯನ್ನು ಗೋಬಿಯ ಬಾಲಕ್ಕೆ ತಾಗಿಸಿಕೊಂಡೇ ಇರುತ್ತದಂತೆ. ಕೇಳಿಯೇ ಮನಸ್ಸು ಸೋತಿತು.

ಆಮೇಲೆ ಅವರು ಫ್ರೀಜರಿನಿಂದ ಒಂದು ಪೊಟ್ಟಣ ತೆಗೆದರು. ಮಂಜುಗಟ್ಟಿದ ಪುಟ್ಟ ಪುಟ್ಟ ಸೀಗಡಿ. ಗೋಬಿಯ ಊಟ. ಎರಡು ಹೆಜ್ಜೆ ಹಿಂದೆ ಸರಿದೆ. ನಮ್ಮ ಫ್ರಿಜ್ಜಿನಲ್ಲಿ, ಹಾಲು ಮೊಸರಿನ ಮೇಲೆ ಇದು?

"ಬ್ಯಾಡ್ರಿ. ನಮ್ಮನ್ಯಾಗ ತತ್ತೀನೂ ತರಂಗಿಲ್ಲ. ನಮ್ಮವ್ವ ಒಪ್ಪಂಗಿಲ್ಲ."

"ಪಾಚಿಲೆ ಮಾಡಿದ್ದ ಕಾಳು ಕೊಡ್ತೇನ್ರಿ. ಕ್ಲೌನ್ ತಿಂತಾವು, ಗೋಬಿ ತಿನ್ನೂದು ಡೌಟು. ಅವ್ವಾರನ್ನ ಒಂದು ಮಾತು ಕೇಳಿ ನೋಡ್ರಿ."

ಕೇಳುತ್ತೇನೆ ಅಂದೆ. ಕೇಳಲಿಲ್ಲ.

ಮಾರ್ಚ್ 4, ಮಂಗಳವಾರ

ಸೀಗಡಿ ಕಲ್ಲಿನ ಬುಡಕ್ಕೆ ಬಿಲ ತೋಡಿದೆ. ಗೋಬಿ ಬಾಗಿಲಲ್ಲಿ ಕಾವಲು. ಅವ್ವನಿಗೆ ಎಲ್ಲಾ ವರ್ಣಿಸಿ ಹೇಳಿದೆ. ನಕ್ಕಳು.

"ಹಂಗಾರ ಆ ಕುರುಡಿ ನಾ. ಬಾಗಲಾಗ ನಿಂತಾಕಿ ನೀ."

ಹೆಗಲ ಮೇಲೆ ಕೈಯಿಟ್ಟಳು. ಬಚ್ಚಲಿಗೆ, ಗುಡಿಗೆ, ಎಲ್ಲಿಗೆ ಹೊರಟರೂ ಹಾಗೇ ಇಡುತ್ತಾಳೆ.

ಮಾರ್ಚ್ 12, ಬುಧವಾರ

ಕ್ಲೌನ್ ಜೋಡಿ ಬಂತು. ಯಾರ ತಂಟೆಗೂ ಹೋಗುವುದಿಲ್ಲ. ಕಾಳು ಹಾಕಿದರೆ ಗಬಗಬ ತಿನ್ನುತ್ತವೆ. ಗೋಬಿ ಬಾಯಿಗೆ ತೆಗೆದುಕೊಂಡು ಥೂ ಅಂತ ಉಗುಳುತ್ತದೆ. ರೂಢಿಯಾಗಬಹುದು... ಹಸಿವಾದರೆ ತಿಂದೀತು.

ಮಾರ್ಚ್ 19, ಬುಧವಾರ

ರೂಢಿಯಾಗಿಲ್ಲ. ಹೊಟ್ಟೆ ಒಳಗೆ ಹೋಗಿದೆ. ಅಬ್ದುಲರಜಾಕರಿಗೆ ಫೋನ್ ಹಚ್ಚಿದೆ.

"ಅವ್ವಾರನ್ನ ಕೇಳಿದ್ರೇನ್ರಿ?"

"ಕೇಳಿದೆ. ಖಡಾಖಂಡಿತ ಒಲ್ಲೆ ಅಂದ್ರು."

ಅವ್ವ ಅಲ್ಲೇ ಲಿಂಗಪೂಜೆಗೆ ವಿಭೂತಿ ಹುಡುಕುತ್ತಿದ್ದಳು. ಫೋನಿನ ಮೇಲೆ ಕೈ ಅಡ್ಡ ಹಿಡಿದು ಮಾತಾಡಿದೆ. ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ಗೊತ್ತಿರಲಿಲ್ಲ. ಹೇಸಿಗೆ ನನಗೆ. ಹೆಸರು ಅವಳದ್ದು.

ರಾತ್ರಿ ಊಟಕ್ಕೆ ಕೂತಾಗ ಕೇಳಿದಳು. "ಬಾಗಲಾಗಿನಾಕಿ ಹೆಂಗದಾಳ?"

"ದುಂಡಗ ಆಗ್ಯಾಳವ್ವ."

ಇನ್ನೊಂದು ರೊಟ್ಟಿ ಅವಳ ತಾಟಿಗೆ ಹಾಕಿದೆ.

ಮಾರ್ಚ್ 30, ಯುಗಾದಿ

ಬೇವು-ಬೆಲ್ಲ. ಹೋಳಿಗೆ. ಅವ್ವ ಮೊದಲ ಹೋಳಿಗೆಗಳನ್ನು ಪಕ್ಕದ ಮನೆಗೆ ಕೊಟ್ಟುಬರಲು ಕಳಿಸಿದಳು. ಹಾಜಿರಾಬಿ ದೀಪಾವಳಿ ಹೊತ್ತಿಗೆ ಅಲ್ಲಿ ಬಾಡಿಗೆಗೆ ಬಂದವರು. ನಾನು ಲ್ಯಾಬಿಗೆ ಹೋದ ಮೇಲೆ ಮಧ್ಯಾಹ್ನ ಬಂದು ಅವ್ವನ ಜೊತೆ ಕೂತು ಶ್ಯಾವಿಗೆ ಹೊಸೆಯುತ್ತಾರೆ, ಊರ ಸುದ್ದಿ ಹೇಳುತ್ತಾರೆ. ಅವರು ಬಂದಾಗಿನಿಂದ ಅವ್ವ ಒಬ್ಬಳೇ ಗೊಣಗಿಕೊಳ್ಳುವುದು ನಿಂತಿದೆ.

ಗೋಬಿ ಇವತ್ತೂ ತಿನ್ನಲಿಲ್ಲ.

ಮಾರ್ಚ್ 31, ಸೋಮವಾರ

ರಂಜಾನ್ ಹಬ್ಬ. ಹಾಜಿರಾಬಿ ಬಾಗಿಲಿಗೆ ಬಂದರು. ಹೊಸ ಸೀರೆ. ಕೈಯಲ್ಲಿ ಮುಚ್ಚಿದ ಬಟ್ಟಲು, ಸುರಕುಂಬಾ. ಅವ್ವ ಸ್ನಾನಕ್ಕೆ ಹೋಗಿದ್ದಳು.

"ಹಾಲು, ಶ್ಯಾವಿಗಿ, ಉತ್ತತ್ತಿ... ಅಷ್ಟರಿ. ಹೊಸಾ ಪಾತೇಲಿದಾಗ ಬ್ಯಾರೇ ಮಾಡೇನಿ, ಅವ್ವಾರ ಸಲುವಾಗಿ."

ತೆಗೆದುಕೊಳ್ಳಬೇಕಿತ್ತು. ಬಾಯಿ ಸುಳ್ಳಿಗೆ ಮೊದಲೇ ಪಳಗಿತ್ತಲ್ಲ.

"ತಪ್ಪ ತಿಳ್ಕೋಬ್ಯಾಡ್ರಿ ಹಾಜಿರಾಬಿ. ಅವ್ವ ಒಪ್ಪಂಗಿಲ್ಲ."

ಅವರ ಮುಖ ಸಣ್ಣದಾಯಿತು. "ಹೌದ್ರಿ, ಹೌದ್ರಿ, ನನಗ ತಿಳೀಲಿಲ್ಲ," ಅಂದು ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಹೋದರು. ನಿನ್ನೆಯಷ್ಟೇ ನಮ್ಮ ಹೋಳಿಗೆ ಎರಡೂ ಕೈಯಲ್ಲಿ ಇಸಿದುಕೊಂಡಿದ್ದರು. ನನ್ನ ನಾಲಿಗೆಗೆ ಬರೆ ಹಾಕಬೇಕು.

ಏಪ್ರಿಲ್ 4, ಶುಕ್ರವಾರ

"ಹಾಜಿರಾಬಿ ಯಾಕ ಬರವಲ್ಲಳು? ಮೈಯಾಗ ಆರಾಮಿಲ್ಲೇನ ಮತ್ತ?"

"ಹಬ್ಬದ ಗದ್ದಲ ಇರಬೇಕವ್ವ."

ಗೋಬಿ ಬಾಗಿಲಿಗೂ ಬರುತ್ತಿಲ್ಲ. ಸೀಗಡಿ ಒಂದೇ ಹೊರಬಂದು ಮೀಸೆಯಿಂದ ತಡಕಾಡುತ್ತದೆ. ಏನೂ ಸಿಗದೆ ಒಳಗೆ ಹೋಗುತ್ತದೆ. ನೋಡಲಾರದೆ ಲೈಟ್ ಆರಿಸಿದೆ.

ಬುಧವಾರ ಹಾವೇರಿಯಲ್ಲಿ ಅವ್ವನ ಕಣ್ಣಿನ ಆಪರೇಶನ್. ಮಗಳಾದವಳು ಖುಷಿಪಡಬೇಕು. ನನಗೆ ಅಂಜಿಕೆ. ಅವಳಿಗೆ ಕಾಣಿಸತೊಡಗಿದರೆ?

ಏಪ್ರಿಲ್ 10, ಗುರುವಾರ

ಹಾವೇರಿಯಿಂದ ಬಂದೆವು. ಪಟ್ಟಿ ಬಿಚ್ಚಿದ್ದಾರೆ. ಒಂದು ಕಣ್ಣು ಆಯಿತು, ಇನ್ನೊಂದು ಆಮೇಲೆ. ಕರಿ ಚಷ್ಮಾ. ಎಲ್ಲಾ ಇನ್ನೂ ಮಬ್ಬು ಅಂದಳು. ಸಮಾಧಾನವಾಯಿತು ನನಗೆ. ಥೂ ನನ್ನ ಜನ್ಮಕ್ಕೆ.

ಏಪ್ರಿಲ್ 13, ರವಿವಾರ, ಬೆಳಿಗ್ಗೆ

ಎದ್ದು ಬರುವಷ್ಟರಲ್ಲಿ ಅವ್ವ ಟ್ಯಾಂಕಿನ ಮುಂದೆ. ಮೂಗು ಗಾಜಿಗೆ ತಾಗುವಷ್ಟು ಹತ್ತಿರ, ಬಿಲದೊಳಕ್ಕೆ ಇಣುಕುತ್ತಾ.

"ಇದಽನ ನಿನ್ನ ದುಂಡಗಿನಾಕಿ? ಎಲಬು ಎಣಿಸಬಹುದಲ್ಲ. ಏನು ತಿಂತೈತಿದು?"

"ಸೀಗಡಿ ಬೇಕಂತವ್ವ... ಸಣ್ಣವು. ಮನ್ಯಾಗ ಹೆಂಗ ತರೂದಂತ..."

"ಅಯ್ಯ ನನ ಶಿವನ! ಮೀನಕ್ಕೇನ ಲಿಂಗ ಕಟ್ಟಿಸೀಯೇನ? ತಂದು ಇಟಗೊಂಡು ಉಪವಾಸ ಕೆಡವತಾರೇನ ಯಾರಾರ? ನಡಿ, ಈಗಽ ನಡಿ. ನಾನೂ ಬರ್ತೇನಿ."

ಧೂಳು ಬೇಡ ಅಂದಿದ್ದಾರೆ ಡಾಕ್ಟರು. ಕೇಳಬೇಕಲ್ಲ.

ಅದೇ ದಿನ, ಸಂಜೆ

ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು.

ಅಂಗಡಿಯಲ್ಲಿ ಅಬ್ದುಲರಜಾಕ ಸ್ಟೂಲು ಒರೆಸಿ ಅವ್ವನನ್ನು ಕೂರಿಸಿದರು. ಪೊಟ್ಟಣ ತೆಗೆಯುತ್ತಾ ಸಹಜವಾಗಿ ಅಂದರು.

"ಅಂತೂ ಒಪ್ಪಿದ್ರಲ್ರಿ ಅವ್ವಾರ. ಎರಡು ಸಲ ಕೇಳಿಸಿದೆ, ನೀವು ಒಲ್ಲೆ ಅಂದ್ರಂತ ಮೇಡಂ ಹೇಳಿದ್ರು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವ್ವ ಕರಿ ಚಷ್ಮಾದೊಳಗಿಂದ ನನ್ನ ಕಡೆ ನೋಡಿದಳು. ಕಂಡಿತೋ ಇಲ್ಲವೋ. ಆಮೇಲೆ ಅವರ ಕಡೆ ತಿರುಗಿದಳು.

"ಹೌದ್ರಿ ತಮ್ಮಾ. ಅಂದಿದ್ದೆ. ವಯಸ್ಸಾತು, ತಿಳೀಲಿಲ್ಲ. ತಪ್ಪ ನಂದಽ."

ತಾನು ಆಡದ ಮಾತನ್ನು ಹೊತ್ತುಕೊಂಡಳು. ಬೇರೆಯವರ ಮುಂದೆ ನನ್ನನ್ನು ಬಿಟ್ಟುಕೊಡಲಿಲ್ಲ. ಒಂದು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

ಬಸ್ಸು ಹತ್ತಿ ಕೂತೆವು. ತೊಡೆಯ ಮೇಲೆ ಪೊಟ್ಟಣ ತಣ್ಣಗೆ ಕೊರೆಯುತ್ತಿತ್ತು. ಮೋಟೆಬೆನ್ನೂರು ದಾಟಿದ ಮೇಲೆ ಕೇಳಿದಳು.

"ಹಾಜಿರಾಬಿಗೂ ಹಿಂಗಽ ಅಂದೀಯೇನ?"

ತಲೆಯಾಡಿಸಿದೆ. ಕಾಣಲಿಲ್ಲವೆಂದು ಬಾಯಿಬಿಟ್ಟು "ಹೂಂ" ಅನ್ನಬೇಕಾಯಿತು. ಸುರಕುಂಬಾದ ಕಥೆಯನ್ನೂ ಹೇಳಿದೆ. ಅವ್ವ ಕಿಟಕಿ ಕಡೆ ಮುಖ ಮಾಡಿದಳು. ಬ್ಯಾಡಗಿ ಬಂದರೂ ತಿರುಗಲಿಲ್ಲ. ಇಳಿಯುವಾಗ ನನ್ನ ಹೆಗಲ ಮೇಲೆ ಕೈಯಿಡಲಿಲ್ಲ. ಸರಳು ಹಿಡಿದು ತಾನೇ ಇಳಿದಳು.

ಮನೆಗೆ ಬಂದು ಪೊಟ್ಟಣವನ್ನು ತಾನೇ ಫ್ರೀಜರಿನಲ್ಲಿಟ್ಟಳು. ಒಂದು ಚೂರನ್ನು ಟ್ಯಾಂಕಿನ ನೀರಿನಲ್ಲಿ ಕರಗಿಸಿ, ಪಿಪೆಟ್ಟಿನಿಂದ ಬಿಲದ ಬಾಯಿಗೆ ಬಿಟ್ಟೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಹಳದಿ ಮೂತಿ ಹೊರಬಂತು. ನುಂಗಿತು. ಉಗುಳಲಿಲ್ಲ. ಇನ್ನೊಂದು ನುಂಗಿತು. ಅಳು ತಡೆಯಲಾಗಲಿಲ್ಲ.

ಅವ್ವ ಸಮಾಧಾನ ಮಾಡಲಿಲ್ಲ. "ಅದು ಉಂಡಿತು. ಇನ್ನ ಹಾಜಿರಾಬಿ," ಅಂದಳಷ್ಟೇ.

ಏಪ್ರಿಲ್ 14, ಸೋಮವಾರ, ಬೆಳಿಗ್ಗೆ

ಗೋಬಿ ಬಾಗಿಲಿಗೆ ಬಂದಿದೆ. ಸೀಗಡಿಯ ಮೀಸೆ ಅದರ ಬಾಲದ ಮೇಲಿದೆ.

ಅವತ್ತು ಒಲ್ಲೆ ಅಂದದ್ದನ್ನು ಕೇಳಿ ತಾ ಎಂಬಂತೆ ಅವ್ವ ಒಂದು ಖಾಲಿ ಬಟ್ಟಲು ತೊಳೆದು ನನ್ನ ಮುಂದೆ ಇಟ್ಟಿದ್ದಾಳೆ. ಏನು ಹೇಳಬೇಕೆಂದು ಹೇಳಿಕೊಡಲಿಲ್ಲ. ಪಕ್ಕದ ಮನೆಯಲ್ಲಿ ಪಾತ್ರೆಯ ಸದ್ದು, ಎದ್ದಿದ್ದಾರೆ. ಮೊದಲ ಮಾತನ್ನಾದರೂ ಇಲ್ಲಿ ಬರೆದು ರೂಢಿ ಮಾಡಿಕೊಳ್ಳೋಣವೆಂದು ಕೂತೆ.

ಹಾಜಿರಾಬಿ, ಅವತ್ತು ಒಲ್ಲೆ ಅಂದಾಕಿ ಅವ್ವ ಅಲ್ಲರಿ. ನಾ.