‘ದೈವಭಕ್ತಿ ಇದೆಯೇನ್ರೀ?’ ಎಂದರು

ನನ್ನಪ್ಪನಿಗೆ,

ಮುನ್ಸೀಫ್ ಹುದ್ದೆಯ ಸಂದರ್ಶನಕ್ಕೆ ಹೋದ ದಿನ ನೀನು ಬದುಕಿರಬೇಕಿತ್ತು. ಧೂಳು ಹಿಡಿಯದಿರಲೆಂದು ಕರಿಕೋಟನ್ನು ತೋಳಿಗೆ ಹಾಕಿಕೊಂಡು ಕೊಡಿಗೇಹಳ್ಳಿಯಿಂದ ಹೆಬ್ಬಾಳದವರೆಗೆ ನಡೆದು ಬಸ್ಸು ಹಿಡಿದೆ. ಸಂದರ್ಶನದ ಕೋಣೆಯ ಹೊರಗೆ ಬೆಂಚಿನ ಮೇಲೆ ವಕೀಲನೊಬ್ಬ ಆತುರಾತುರವಾಗಿ ಹಣೆಗೆ ವಿಭೂತಿ ಎಳೆದುಕೊಳ್ಳುತ್ತಿದ್ದ. ಯಾಕೆಂಬುದು ಒಳಗೆ ಹೋದಮೇಲೆ ಗೊತ್ತಾಯಿತು.

‘ನಿಮಗೆ ದೈವಭಕ್ತಿ ಇದೆಯೇನ್ರೀ?’ ಎಂದರು ನಡುವೆ ಕೂತಿದ್ದ ಹಿರಿಯರು. ‘ದೇವರಿಗೆ ಹೆದರದವರ ಕೈಗೆ ನ್ಯಾಯ ಕೊಡೋದು ಹೇಗೆ?’

ಆಗ ನಮ್ಮೂರ ಕೆಂಪಣ್ಣ ನೆನಪಾದ, ಅಪ್ಪ. ಆ ಕಾಲಕ್ಕೆ ನೀನು ಊರ ಪಂಚಾಯ್ತಿಯ ಯಜಮಾನ. ಅವನಿಗೂ ಅವನ ದಾಯಾದಿಗೂ ಹೊಲದ ಬದುವಿನ ಜಗಳ. ಮಾರಮ್ಮನ ಮುಂದೆ ಕರ್ಪೂರ ಹಚ್ಚಿಸಿ, ‘ಸತ್ಯವಂತ್ರಾದ್ರೆ ಆರ್ಸಿ ಆಣೆ ಮಾಡ್ರಲಾ’ ಎಂದೆ. ದಾಯಾದಿ ಅಂಗೈ ಬಡಿದು ಫಟ್ಟನೆ ಆರಿಸಿದ. ಕೆಂಪಣ್ಣ ಹಿಂದಕ್ಕೆ ಸರಿದ. ‘ಬದು ನಂದೇ ಯಜಮಾನ್ರೇ. ಆದ್ರೆ ನಿಜ ಇದ್ರೂ ಆಣೆ ಇಕ್ಬಾರ್ದು ಅಂತ ನಮ್ಮವ್ವ ಯೋಳವ್ಳೆ. ನಾನ್ ಆರ್ಸಕಿಲ್ಲ.’ ನೀನು ಬದುವನ್ನು ದಾಯಾದಿಗೆ ಕೊಟ್ಟೆ.

ಮೂರು ವರ್ಷದ ಮೇಲೆ ಸರ್ವೆಯವರು ಸರಪಳಿ ಎಳೆದು ಅಳೆದಾಗ ಬದು ಕೆಂಪಣ್ಣನದೇ ಎಂದಾಯಿತು. ಅಷ್ಟರಲ್ಲಿ ಅವನು ಊರು ಬಿಟ್ಟು, ಯಶವಂತಪುರದಲ್ಲಿ ಮೂಟೆ ಹೊತ್ತು, ಅಲ್ಲೇ ಸತ್ತಿದ್ದ. ‘ದೇವ್ರಿಗೆ ಎದ್ರಿದೋನ್ಗೇ ಅನ್ಯಾಯ ಮಾಡ್ಬುಟ್ಟೆ ಕಣ್ಲಾ’ ಎಂದು ನೀನು ಜಗಲಿಯಲ್ಲಿ ಕೂತು ಅತ್ತೆ. ನೀನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನನಗೆ ಭಕ್ತಿ ಇಲ್ಲವೇ? ಆ ಬೆಳಿಗ್ಗೆಯೂ ಮಾರಮ್ಮನಿಗೆ ಕೈಮುಗಿದೇ ಹೊರಟಿದ್ದೆ. ‘ಇದೆ ಸಾರ್’ ಎಂದಿದ್ದರೆ ಸಾಕಿತ್ತು. ಆದರೆ ನಾಳೆ ಬೇರೆ ದೇವರಿಗೆ, ಬೇರೆ ದಿಕ್ಕಿಗೆ ಕೈಯೆತ್ತುವವನು ನಾನು ಕೂತ ಕುರ್ಚಿಯಲ್ಲಿ ಬಂದು ಕೂತರೆ? ಎತ್ತಲೂ ಕೈಮುಗಿಯದವನು ಬಂದರೆ? ಅವರೇನು ನ್ಯಾಯ ಅರಿಯದವರೇ?

‘ನನ್ನ ಭಕ್ತಿ ನನ್ನ ಮನೇದು ಸಾರ್. ಕಾನೂನು ಕೇಳಿ, ಹೇಳ್ತೀನಿ. ಇದಕ್ಕೆ ಮಾತ್ರ ಉತ್ತರ ಕೊಡಲ್ಲ’ ಎಂದೆ. ‘ಬಹಳ ಅಹಂಕಾರ ಕಣ್ರೀ ನಿಮಗೆ’ ಎಂದರು. ಇರಬಹುದು. ನಿನ್ನ ಮಗನಲ್ಲವೇ...

ಮೊನ್ನೆ ಪಟ್ಟಿ ಬಂತು. ನನ್ನ ಹೆಸರಿಲ್ಲ. ನಿನ್ನ ಸೊಸೆ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಹೋಗಿ ಹೊಸ ಅರ್ಜಿಯ ನಮೂನೆ ತಂದು ನನ್ನ ಮುಂದಿಟ್ಟಳು. ತುಂಬಿ ಕಳಿಸಿದ್ದೇನೆ. ವಯಸ್ಸಿನ ಲೆಕ್ಕದಲ್ಲಿ ಇದೇ ಕಡೆಯ ಅವಕಾಶ. ಮುನ್ಸೀಫನ ತಂದೆ ಎನ್ನಿಸಿಕೊಳ್ಳುವ ಆಸೆ ನಿನಗೆಷ್ಟಿತ್ತೆಂದು ನನಗೆ ಗೊತ್ತು. ಅದು ಕೈಗೂಡದೇ ಹೋಗಬಹುದು, ಕ್ಷಮಿಸು. ಅದೇ ಪ್ರಶ್ನೆ ಕೇಳಿದರೆ, ಈ ಸಲವೂ ನಾನು ಬಾಯಿ ಬಿಡುವುದಿಲ್ಲ.